ಸುಣ್ಣದ ಗುಡ್ಡದ ಮೇಲೆ ಹಿರಿಯರ ಮನೆ

ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯಲ್ಲಿ ಮೇಲ್ಮಣ್ಣು ತೆಳು. ಸ್ವಲ್ಪ ಅಗೆದರೆ ಸಾಕು, ಬೆಳ್ಳನೆಯ ಸೀಮೆಸುಣ್ಣದ ಕಲ್ಲು ಸಿಗುತ್ತದೆ. ಈ ಹುಲ್ಲುಗುಡ್ಡಗಳ ನೆತ್ತಿಯ ಮೇಲೆ ಅಲ್ಲಲ್ಲಿ ಕಾಣುವ ದಿಬ್ಬಗಳು ಇತಿಹಾಸಪೂರ್ವ ಕಾಲದ ಸಮಾಧಿಗಳು. ಅವುಗಳಲ್ಲಿ ನೋಡಲೇಬೇಕಾದದ್ದು ಏವ್‌ಬರಿ ಹಳ್ಳಿಯ ಬಳಿಯ ವೆಸ್ಟ್ ಕೆನೆಟ್ ಲಾಂಗ್ ಬ್ಯಾರೋ.

ಸುಮಾರು ನೂರು ಮೀಟರ್ ಉದ್ದದ ಈ ದಿಬ್ಬವನ್ನು ಕಟ್ಟಿದ್ದು ಕ್ರಿ.ಪೂ. 3650ರ ಆಸುಪಾಸಿನಲ್ಲಿ. ಗೀಜಾದ ಪಿರಮಿಡ್ಡುಗಳಿಗೆ ಇನ್ನೂ ಸಾವಿರ ವರ್ಷ ಬಾಕಿಯಿತ್ತು. ಇಕ್ಕೆಲಗಳಲ್ಲಿ ಕಂದಕ ತೋಡಿ, ಬಂದ ಸುಣ್ಣಕಲ್ಲನ್ನೇ ಬಂಡೆಗಳ ಮೇಲೆ ಪೇರಿಸಿದರು. ಪೂರ್ವದ ತುದಿಯಲ್ಲಿ ಸಾರ್ಸನ್ ಎಂಬ ಗಟ್ಟಿ ಮರಳುಗಲ್ಲಿನ ಚಪ್ಪಡಿಗಳಿಂದ ಐದು ಕೋಣೆ ಕಟ್ಟಿದರು: ಓಣಿಯ ಎರಡೂ ಬದಿಗೆ ಎರಡೆರಡು, ಕೊನೆಯಲ್ಲೊಂದು.

1859ರಲ್ಲಿ ಜಾನ್ ಥರ್ನಮ್, 1955–56ರಲ್ಲಿ ಸ್ಟುವರ್ಟ್ ಪಿಗಟ್ ಮತ್ತು ರಿಚರ್ಡ್ ಅಟ್ಕಿನ್‌ಸನ್ ಇಲ್ಲಿ ಉತ್ಖನನ ನಡೆಸಿದರು. ಕನಿಷ್ಠ 36 ಜನರ ಎಲುಬುಗಳು ಸಿಕ್ಕವು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅಲ್ಲಿದ್ದರು. ಒಬ್ಬ ವೃದ್ಧನ ಗಂಟಲ ಬಳಿ ಕಲ್ಲಿನ ಬಾಣದ ಮೊನೆಯಿತ್ತು. ಈ ಶವಗಳನ್ನೆಲ್ಲ ಇರಿಸಿದ್ದು ಹೆಚ್ಚೆಂದರೆ ಒಂದು ತಲೆಮಾರಿನ ಅವಧಿಯಲ್ಲಿ ಎಂದು ಕಾಲನಿರ್ಣಯ ಪರೀಕ್ಷೆಗಳು ಹೇಳುತ್ತವೆ. ಆದರೂ ಜನ ಇದನ್ನು ಮರೆಯಲಿಲ್ಲ. ಸಾವಿರಕ್ಕೂ ಹೆಚ್ಚು ವರ್ಷ ಮಣ್ಣು, ಸುಣ್ಣ, ಮಡಕೆ ಚೂರುಗಳನ್ನು ತುಂಬುತ್ತ ಬಂದು, ಕೊನೆಗೆ ಭಾರೀ ಬಂಡೆಗಳಿಂದ ಬಾಗಿಲು ಮುಚ್ಚಿದರು. ಈ ಸ್ಥಳದ ನಿಜವಾದ ಹಿರಿಮೆ ಅಷ್ಟು ದೀರ್ಘಕಾಲ ಉಳಿದ ಆ ನೆನಪಿನಲ್ಲಿದೆ.

ಎದುರಿಗೇ ಸಿಲ್ಬರಿ ಹಿಲ್ ಇದೆ. ಮನುಷ್ಯರೇ ಪೇರಿಸಿದ, ಸುಮಾರು 30 ಮೀಟರ್ ಎತ್ತರದ ಈ ಸುಣ್ಣದ ಗುಡ್ಡದಲ್ಲಿ ಮಾತ್ರ ಯಾವ ಸಮಾಧಿಯೂ ಸಿಕ್ಕಿಲ್ಲ. ಏವ್‌ಬರಿಯ ಈ ಸ್ಮಾರಕಗಳು ಸ್ಟೋನ್‌ಹೆಂಜ್ ಜೊತೆಗೆ 1986ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಕನ್ನಡಿಗರಿಗೆ ಇಲ್ಲೊಂದು ಎಳೆಯಿದೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, 19ನೇ ಶತಮಾನದಲ್ಲಿ ಆ ಸೀಮೆಯ ಕಲ್ಗೋರಿಗಳನ್ನು ಅಗೆದು, ಅವನ್ನು ಯುರೋಪಿನ ಗೋರಿಗಳೊಂದಿಗೆ ಹೋಲಿಸಿ ಬರೆದ. ನಮ್ಮವು ವಯಸ್ಸಿನಲ್ಲಿ ಬಹಳ ಚಿಕ್ಕವು.

ವೆಸ್ಟ್ ಕೆನೆಟ್ ದಿಬ್ಬಕ್ಕೆ ಹೋಗಲು ಹೆದ್ದಾರಿಯಿಂದ ಕೆನೆಟ್ ಹೊಳೆ ದಾಟಿ ಕಾಲುದಾರಿಯಲ್ಲಿ ಏರಬೇಕು. ಹತ್ತಿರದ ದೊಡ್ಡ ಊರು ಸ್ವಿಂಡನ್. ಪ್ರವೇಶ ಉಚಿತ, ಒಳಗೆ ಕತ್ತಲಿರುವುದರಿಂದ ಟಾರ್ಚ್ ಇರಲಿ. ಮೇಣದಬತ್ತಿ ಹಚ್ಚಬೇಡಿ: ಅದರ ಮಸಿ ಮತ್ತು ಕಾವು ಕಲ್ಲುಗಳನ್ನು ಕೆಡಿಸುತ್ತವೆ.