ಹುಳಿ, ಉಪ್ಪು ಮತ್ತು ಮನೆಯ ಕಲ್ಲು

ಮನೆಗೆ ಕಲ್ಲು ಆರಿಸುವಾಗ ಬಣ್ಣ, ಹೊಳಪು, ಚದರಡಿಯ ಬೆಲೆಗಳೇ ಮೊದಲು ಚರ್ಚೆಗೆ ಬರುತ್ತವೆಯಾದರೂ, ಹತ್ತು ವರ್ಷಗಳ ಬಳಕೆಯ ನಂತರ ಆ ಕಲ್ಲು ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ಅದರೊಳಗಿನ ಖನಿಜವನ್ನು ಅವಲಂಬಿಸಿರುತ್ತದೆ. ಅಂಗಡಿಯ ಹೆಸರುಗಳು ಈ ವಿಷಯದಲ್ಲಿ ಹೆಚ್ಚು ನೆರವಾಗುವುದಿಲ್ಲ. ಆಂಧ್ರಪ್ರದೇಶದ ಒಂಗೋಲು ಸಮೀಪದ ಚೀಮಕುರ್ತಿಯ ಗಣಿಗಳಿಂದ ಜಗತ್ತಿನ ಮಾರುಕಟ್ಟೆಗೆ ಹೋಗುವ ‘ಬ್ಲ್ಯಾಕ್ ಗ್ಯಾಲಕ್ಸಿ’ ಗ್ರಾನೈಟ್ ಎಂದೇ ಮಾರಾಟವಾಗುತ್ತದೆ. ವಾಸ್ತವದಲ್ಲಿ ಅದು ಗ್ಯಾಬ್ರೊ ಗುಂಪಿಗೆ ಸೇರಿದ, ಅಂದರೆ ಶಿಲಾರಸವು ನೆಲದಾಳದಲ್ಲಿ ನಿಧಾನವಾಗಿ ಆರಿ ಗಟ್ಟಿಯಾದ ಕಪ್ಪು ಶಿಲೆಯಾಗಿದ್ದು, ಅದರಲ್ಲಿ ಮಿನುಗುವ ಕಂಚಿನ ಬಣ್ಣದ ಚುಕ್ಕೆಗಳು ಬ್ರಾಂಜೈಟ್ ಎಂಬ ಖನಿಜದ ಹರಳುಗಳು. ವಿಜಯವಾಡದಿಂದ ಹೆಚ್ಚು ದೂರವಿಲ್ಲದ ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಬ್ರಿಟಿಷರು ‘ಮಾರ್ಬಲ್‌ಗಳು’ ಎಂದು ಕರೆದರು. ಅವು ಪಲ್ನಾಡು ಪ್ರದೇಶದ ನಯವಾದ ಸುಣ್ಣಕಲ್ಲಿನವು.

ಈ ಎರಡು ಶಿಲೆಗಳ ನಡುವಿನ ಅಂತರವೇ ಗೃಹಬಳಕೆಯ ಮುಖ್ಯ ಅಂತರವೂ ಹೌದು. ಗ್ರಾನೈಟ್, ಗ್ಯಾಬ್ರೊ ಮುಂತಾದವು ಸಿಲಿಕೇಟ್ ಖನಿಜಗಳಿಂದ ಆದವು. ಅಮೃತಶಿಲೆ, ಬೇತಂಚೆರ್ಲದ ಹಾಸುಗಲ್ಲು, ಕರ್ನಾಟಕದ ಅಡುಗೆಮನೆಗಳಲ್ಲಿ ಹಲಗೆಗಳಾಗಿ ನಿಂತಿರುವ ಕಡಪ ಕಲ್ಲು, ಉತ್ತರ ಕರ್ನಾಟಕದಲ್ಲಿ ಫರಸಿ ಎನಿಸಿಕೊಂಡ ಶಹಾಬಾದ್ ಕಲ್ಲು ಇವೆಲ್ಲ ಮುಖ್ಯವಾಗಿ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದೊಡನೆ ಕ್ಯಾಲ್ಸೈಟ್ ಕರಗುತ್ತದೆ. ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗುವ ದಾರಿಯ ಬೊರ್ರಾ ಗುಹೆಗಳು ಈ ಕ್ರಿಯೆಯ ಫಲವೇ ಆಗಿವೆ: ಮಳೆಯ ನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ತೀರ ದುರ್ಬಲವಾದ ಕಾರ್ಬಾನಿಕ್ ಆಮ್ಲವಾಗಿ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಯುಗಯುಗಗಳಲ್ಲಿ ಬೆಟ್ಟದೊಳಗೆ ಪೊಳ್ಳು ಕೊರೆದಿದೆ. ಮಳೆನೀರಿಗಿಂತ ಸಾವಿರಾರು ಪಟ್ಟು ಹೆಚ್ಚು ಆಮ್ಲೀಯವಾದ ನಿಂಬೆರಸಕ್ಕೆ ಅಷ್ಟು ಕಾಲ ಬೇಕಾಗುವುದಿಲ್ಲ. ಹುಣಸೆ, ಮಾವಿನಕಾಯಿ ಮತ್ತು ಗೋಂಗೂರ, ಅಂದರೆ ಆಕ್ಸಾಲಿಕ್ ಆಮ್ಲವುಳ್ಳ ಪುಂಡಿಸೊಪ್ಪು, ದಿನನಿತ್ಯ ಬಳಕೆಯಾಗುವ ವಿಜಯವಾಡದ ಅಡುಗೆಕಟ್ಟೆಗೆ ಅಮೃತಶಿಲೆ ಹಾಸುವುದು ಆದ್ದರಿಂದ ದುಬಾರಿ ತಪ್ಪು. ಹುಳಿ ಚೆಲ್ಲಿದಲ್ಲಿ ಮೂಡುವ ಮಂಕು ಗುರುತು ಒರೆಸಿದರೆ ಹೋಗುವ ಕಲೆಯಲ್ಲ. ಮೇಲ್ಮೈಯೇ ಸವೆದಿರುವುದರಿಂದ ಆ ಜಾಗವನ್ನು ಮತ್ತೆ ಉಜ್ಜಿ ಪಾಲಿಶ್ ಮಾಡದೆ ಹೊಳಪು ಮರಳುವುದಿಲ್ಲ. ಕೊಳ್ಳುವ ಮೊದಲು ಮಾದರಿ ತುಂಡಿನ ಮೇಲೆ ನಿಂಬೆರಸದ ಹನಿಯೊಂದನ್ನು ಕಾಲು ಗಂಟೆ ಬಿಟ್ಟು ನೋಡುವ ಪರೀಕ್ಷೆ ಯಾವ ಜಾಹೀರಾತಿಗಿಂತಲೂ ನಂಬಲರ್ಹ.

ವಿಶಾಖಪಟ್ಟಣದಲ್ಲಿ ಇನ್ನೊಂದು ತೊಡಕಿದೆ. ಕೈಲಾಸಗಿರಿ ಮುಂತಾದ ಅಲ್ಲಿನ ಬೆಟ್ಟಗಳು ಖೊಂಡಲೈಟ್ ಎಂಬ ರೂಪಾಂತರ ಶಿಲೆಯವು. ಒಡಿಶಾದ ಕೊನಾರ್ಕ್ ದೇಗುಲವನ್ನು ಕಟ್ಟಲು ಬಳಸಿದ ಮುಖ್ಯ ಕಲ್ಲೂ ಇದೇ. ಪೂರ್ವಘಟ್ಟದ ಖೊಂಡ ಜನಾಂಗದ ಹೆಸರು ಹೊತ್ತ ಈ ಶಿಲೆಯಲ್ಲಿ ಬೆಣಚು, ಗಾರ್ನೆಟ್, ಸಿಲಿಮನೈಟ್ ಹೇರಳವಾಗಿದ್ದು, ಶಿಲೆ ಶಿಥಿಲವಾದಂತೆ ಆ ಗಟ್ಟಿ ಕಣಗಳು ಕಡಲದಂಡೆಯ ಮರಳಿಗೆ ಸೇರುತ್ತವೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಕ್ಯಾಲ್ಸೈಟಿನ ಸ್ಥಾನ 3, ಬೆಣಚಿನ ಸ್ಥಾನ 7. ಗಾರ್ನೆಟ್ ಕೂಡ 7ರ ಆಸುಪಾಸಿನಲ್ಲಿದೆ. ಹೀಗಾಗಿ ಬೀಚಿನಿಂದ ಬಂದವರ ಪಾದಗಳಿಗೆ ಅಂಟಿದ ಮರಳು ಅಮೃತಶಿಲೆಯ ನೆಲವನ್ನು ದಿನವೂ ಗೀರುತ್ತದೆ. ಬಾಗಿಲಲ್ಲೊಂದು ಒರಟು ಕಾಲೊರಸು ಹಾಕಿ, ಒದ್ದೆ ಬಟ್ಟೆಯಿಂದ ಒರೆಸುವ ಮೊದಲು ಮೆತ್ತನೆಯ ಪೊರಕೆಯಿಂದ ಮರಳನ್ನು ಗುಡಿಸಿ ತೆಗೆದರೆ, ಪಾಲಿಶ್ ಯಂತ್ರವನ್ನು ಮನೆಗೆ ತರಿಸುವ ಸಂದರ್ಭ ಬಹಳ ತಡವಾಗಿ ಬರುತ್ತದೆ.

ಕಲ್ಲು ಹಾಸುವ ಹಂತದಲ್ಲಿ ಆಗುವ ತಪ್ಪುಗಳು ಬಹುಪಾಲು ನೀರಿಗೆ ಸಂಬಂಧಿಸಿದವು. ಗಾರೆಯೊಳಗೆ ಕರಗಿದ ಲವಣಗಳು ಕಲ್ಲಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ, ನೀರು ಆವಿಯಾದಾಗ ಮೇಲ್ಮೈಯಲ್ಲಿ ಬಿಳಿ ಪುಡಿಯಾಗಿ ಉಳಿಯುತ್ತವೆ. ಹರಳುಗಳು ರಂಧ್ರದೊಳಗೇ ಬೆಳೆದರೆ ಕಲ್ಲಿನ ಪದರವೇ ಉದುರುತ್ತದೆ. ಗಾರೆಗೆ ಕಡಲ ಮರಳು ಬೆರೆಸಬಾರದೆಂಬ ನಿಯಮದ ಹಿಂದಿನ ಒಂದು ಕಾರಣ ಇದೇ. ತಿಳಿಬಣ್ಣದ ಅಮೃತಶಿಲೆಯ ಅಡಿಗೆ ಬೂದು ಸಿಮೆಂಟಿನ ಬದಲು ಬಿಳಿ ಸಿಮೆಂಟಿನ ಹಾಲು ಸುರಿಯುವುದು ರೂಢಿ. ಇಲ್ಲದಿದ್ದರೆ ಅಡಿಯ ಬೂದುಬಣ್ಣ ಮೇಲೆ ನೆರಳಿನಂತೆ ಇಣುಕುತ್ತದೆ. ಗಾರೆ ಗಟ್ಟಿಯಾದ ಮೇಲೆ ಪ್ರತಿಯೊಂದು ಕಲ್ಲನ್ನೂ ನಾಣ್ಯದಿಂದ ತಟ್ಟಿ ನೋಡಬೇಕು: ಟೊಳ್ಳು ಸದ್ದು ಬಂದ ಕಡೆ ಅಡಿಯಲ್ಲಿ ಗಾಳಿ ಉಳಿದಿದ್ದು, ಭಾರ ಬಿದ್ದಾಗ ಕಲ್ಲು ಮೊದಲು ಬಿರಿಯುವುದು ಅಲ್ಲಿಯೇ. ಮೇಸ್ತ್ರಿಗೆ ಹಣ ಪಾವತಿಸುವುದು ಈ ತಪಾಸಣೆಯ ನಂತರವಾದರೆ ಒಳ್ಳೆಯದು.

ಹೊರಗೋಡೆಗೆ ತೆಳು ಅಮೃತಶಿಲೆ ಅಂಟಿಸುವ ಮೋಹ ವಿಜಯವಾಡ, ವಿಶಾಖಪಟ್ಟಣ ಎರಡೂ ನಗರಗಳಲ್ಲಿ ಅಪಾಯಕಾರಿ. ಕ್ಯಾಲ್ಸೈಟ್ ಹರಳು ಬಿಸಿಯಾದಾಗ ಒಂದು ದಿಕ್ಕಿನಲ್ಲಿ ಹಿಗ್ಗಿ ಮತ್ತೊಂದರಲ್ಲಿ ತುಸು ಕುಗ್ಗುವುದರಿಂದ, ಕಾಯುವ-ಆರುವ ಆವರ್ತನ ಮರುಕಳಿಸಿದಂತೆ ಕಣಗಳ ಹಿಡಿತ ಸಡಿಲವಾಗಿ ಹಲಗೆ ಬಾಗುತ್ತದೆ. ಹೆಲ್ಸಿಂಕಿಯ ಫಿನ್ಲಾಂಡಿಯಾ ಹಾಲ್‌ನ ಹೊರಮೈಯ ಇಟಲಿಯ ಕರಾರಾ ಅಮೃತಶಿಲೆ ಹೀಗೆ ಬಾಗಿ, ಕಟ್ಟಡವಾಗಿ ಮೂರು ದಶಕ ತುಂಬುವ ಮೊದಲೇ ಅದನ್ನು ಬದಲಾಯಿಸಬೇಕಾಯಿತು. ವಿಜಯವಾಡದ ಬೇಸಿಗೆಯ ಬಿಸಿಲಂತೂ ಪ್ರಸಿದ್ಧವೇ. ಕಡಲಗಾಳಿಯ ವಿಶಾಖಪಟ್ಟಣದಲ್ಲಿ ಕಲ್ಲನ್ನು ಹಿಡಿದಿಡುವ ಸಾಮಾನ್ಯ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳಬಲ್ಲವಾದ್ದರಿಂದ, ತುಕ್ಕುನಿರೋಧಕ ಉಕ್ಕಿನ ಕೊಂಡಿಗಳನ್ನೇ ಬಳಸಬೇಕು.

ಉಳಿದಂತೆ ನಿರ್ವಹಣೆ ಸರಳ: ಸೌಮ್ಯ ಸಾಬೂನಿನ ನೀರು ಸಾಕು, ಕಕ್ಕಸು ತೊಳೆಯುವ ಆಮ್ಲ ಸುಣ್ಣಜಾತಿಯ ಕಲ್ಲಿನ ಹತ್ತಿರಕ್ಕೂ ಬರಬಾರದು. ಎಣ್ಣೆಯ ಕಲೆಗೆ ಅಡುಗೆ ಸೋಡದ ಗಟ್ಟಿ ಲೇಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟರೆ ಲೇಪವು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಅರಿಸಿನದ ಕಲೆಗೆ ಮಾತ್ರ ಈ ಉಪಾಯ ಸಲ್ಲದು; ಸುಣ್ಣ ಸೇರಿದಾಗ ಅರಿಸಿನವನ್ನು ಕುಂಕುಮವಾಗಿಸುವ ಕ್ಷಾರಗುಣವೇ ಸೋಡದಲ್ಲೂ ಸೌಮ್ಯವಾಗಿ ಇರುವುದರಿಂದ ಕಲೆ ಕೆಂಪಿಗೆ ತಿರುಗಬಹುದು. ಅರಿಸಿನದ ಬಣ್ಣ ಬೆಳಕಿಗೆ ನಿಲ್ಲದಾದ್ದರಿಂದ, ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ಕೆಲವು ದಿನ ಕಾಯುವುದೇ ಅದಕ್ಕೆ ತಕ್ಕ ಚಿಕಿತ್ಸೆ.