ಸೌಂಡ್ ಅಲ್ಲದ ಮಿಲ್‌ಫರ್ಡ್ ಸೌಂಡ್

"ಮಿಲ್‌ಫರ್ಡ್ ಸೌಂಡ್‌ಗೆ ಹೋಗೋಣ" ಎಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಅಲ್ಲೇನು ಸೌಂಡ್ ಬರುತ್ತೆ?" ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಅದನ್ನು ಸೌಂಡ್ ಅಂತ ಯಾಕೆ ಕರೀತಾರೆ ಅಂತ ನನಗೂ ಗೊತ್ತಿರಲಿಲ್ಲ. ಹುಡುಕಿ ನೋಡಿದರೆ ಆ ಹೆಸರೇ ತಪ್ಪು! ಆ ತಪ್ಪಿನ ಹಿಂದೆ ಇದ್ದವನು ನಮ್ಮ ಸ್ಕೋಫೀಲ್ಡ್ಸ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಹಾಕ್ಸ್‌ಬರಿ ನದಿ ದಂಡೆಯ ರೈತ.

ಅವನ ಹೆಸರು ಜಾನ್ ಗ್ರೋನೋ. ವೇಲ್ಸ್ ನಾಡಿನವನು, 1799ರಲ್ಲಿ ಸಿಡ್ನಿಗೆ ಬಂದು ಹಾಕ್ಸ್‌ಬರಿ ತೀರದಲ್ಲಿ ನೆಲೆನಿಂತ. ಹೊಲ ಉಳುತ್ತಿದ್ದ, ನದಿ ದಂಡೆಯಲ್ಲೇ ಹಡಗು ಕಟ್ಟುತ್ತಿದ್ದ, ಸೀಲ್ ಪ್ರಾಣಿಗಳ ಚರ್ಮಕ್ಕಾಗಿ ನ್ಯೂಜಿಲೆಂಡ್‌ವರೆಗೂ ಹೋಗುತ್ತಿದ್ದ. ವಿಲ್ಬರ್‌ಫೋರ್ಸ್‌ನಲ್ಲಿ ಇವತ್ತಿಗೂ ಅವನ ಹೆಸರಿನ ರಸ್ತೆ ಇದೆ. ನಾನು ಎಷ್ಟೋ ಸಲ ಆ ಕಡೆ ಹಣ್ಣು, ತರಕಾರಿಗೆ ಅಂತ ಹೋಗಿದ್ದೇನೆ, ಯಾರು ಈ ಗ್ರೋನೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕ್ಯಾಪ್ಟನ್ ಕುಕ್ ಆ ಕರಾವಳಿಯಲ್ಲಿ ಹೋದವನೇ, ಆದರೆ ಬಂಡೆಗಳ ನಡುವಿನ ಈ ಕಿರಿದಾದ ಬಾಯಿಯ ಒಳಗೆ ಹೋಗಲಿಲ್ಲ. ಸುಮಾರು 1812ರಲ್ಲಿ ಗ್ರೋನೋ ಒಳಗೆ ಹೋದ. ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ಬಂದರಿನ ಹೆಸರನ್ನು ಇದಕ್ಕೂ ಇಟ್ಟ. ಮುಂದೆ 'ಹೇವನ್' ಹೋಗಿ 'ಸೌಂಡ್' ಬಂತು.

ತಪ್ಪು ಏನೆಂದರೆ, ಭೂಗೋಳದವರ ಕಟ್ಟುನಿಟ್ಟಿನ ಲೆಕ್ಕದಲ್ಲಿ ಸೌಂಡ್ ಎಂದರೆ ನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದದ್ದು. ಮಿಲ್‌ಫರ್ಡ್ ಅಂಥದ್ದಲ್ಲ. ಅದನ್ನು ಕೊರೆದದ್ದು ಹಿಮ. ಹಾಗಾಗಿ ಅದು ಫಿಯೋರ್ಡ್. ತಮಾಷೆ ನೋಡಿ: ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ನದಿ ಕೊರೆದದ್ದು, ಗ್ರೋನೋ ಹಡಗು ಕಟ್ಟಿದ ಹಾಕ್ಸ್‌ಬರಿಯೂ ನದಿ ಕೊರೆದದ್ದು, ಅವನು ಹಡಗು ಬಿಡುತ್ತಿದ್ದ ಸಿಡ್ನಿ ಹಾರ್ಬರ್ ಕೂಡ ಅದೇ ಜಾತಿ. ಪಾಪ, ಜೀವಮಾನವೆಲ್ಲ ಒಂದೇ ಥರದ ಕೊಲ್ಲಿ ನೋಡಿದವನಿಗೆ ಇದೂ ಅಂಥದ್ದೇ ಅನ್ನಿಸಿದ್ದರೆ ಆಶ್ಚರ್ಯವೇನು.

ಎರಡಕ್ಕೂ ವ್ಯತ್ಯಾಸ ಏನು ಅನ್ನುವುದನ್ನು ಸ್ವಲ್ಪ ವಿವರಿಸುತ್ತೇನೆ, ಇದು ಗೊತ್ತಿದ್ದರೆ ದೋಣಿಯಲ್ಲಿ ಕೂತಾಗ ಕಾಣುವ ನೋಟವೇ ಬೇರೆ.

ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಭೂಮಿಯ ನೀರಿನ ದೊಡ್ಡ ಪಾಲು ಹಿಮವಾಗಿ ನೆಲದ ಮೇಲೆ ಕೂತಿತ್ತು. ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಸಿಡ್ನಿ ಹಾರ್ಬರ್ ಎಂಬುದೇ ಇರಲಿಲ್ಲ, ಮರಳುಗಲ್ಲಿನ ನಡುವೆ ನದಿಯೊಂದು ಹರಿದು ಇನ್ನೂ ಎಷ್ಟೋ ಕಿಲೋಮೀಟರ್ ಆಚೆ ಕಡಲು ಸೇರುತ್ತಿತ್ತು. ಹಿಮ ಕರಗಿತು, ಸಮುದ್ರ ಏರಿತು, ಸುಮಾರು ಏಳು ಸಾವಿರ ವರ್ಷಗಳ ಹಿಂದೆ ಈಗಿನ ಮಟ್ಟಕ್ಕೆ ಬಂದು ನಿಂತಿತು. ಕಣಿವೆಗಳು ಮುಳುಗಿದವು. ನಮ್ಮ ಕರಾವಳಿಯಲ್ಲಿ ಕಾಳಿಯೋ ಅಘನಾಶಿನಿಯೋ ಕಡಲು ಸೇರುವ ಅಳಿವೆಯನ್ನು ನೆನಪಿಸಿಕೊಳ್ಳಿ, ಒಳನಾಡಿನತ್ತ ಹೋದಂತೆ ನೀರು ಮೆಲ್ಲಗೆ ಆಳ ಕಳೆದುಕೊಳ್ಳುತ್ತದೆ. ನದಿ ಏನೇ ಮಾಡಿದರೂ ಇಳಿಜಾರಿನಲ್ಲೇ ಹರಿಯಬೇಕಲ್ಲ. ಬಾಯಿಯ ಹತ್ತಿರ ಆಳ, ಒಳಗೆ ಹೋದಂತೆ ಆಳ ಕಮ್ಮಿ.

ಹಿಮನದಿಗೆ ಈ ನಿಯಮ ಇಲ್ಲ. ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪದ ಹಿಮ ಹಿಂದಿನಿಂದ ತಳ್ಳುತ್ತಿರುವಾಗ ಅದರ ತಳ ಸಮುದ್ರ ಮಟ್ಟಕ್ಕಿಂತ ಕೆಳಗೂ ಕೊರೆಯಬಲ್ಲದು, ಎದುರಿನ ದಿಬ್ಬವನ್ನು ಹತ್ತಿಯೂ ಹೋಗಬಲ್ಲದು. ಹಿಮ ತೇಲುವುದು ಅದರ ಹತ್ತರಲ್ಲಿ ಒಂಬತ್ತು ಪಾಲು ನೀರಿನಲ್ಲಿ ಮುಳುಗಿದಾಗ ಮಾತ್ರ. ಅಲ್ಲಿಯವರೆಗೆ ಅದು ತಳಕ್ಕೆ ಅಂಟಿಕೊಂಡು ತನ್ನೊಳಗಿನ ಕಲ್ಲುಗಳಿಂದ ಉಜ್ಜುತ್ತಲೇ ಇರುತ್ತದೆ. ಕಡಲ ಹತ್ತಿರ ಬಂದಾಗ ಹರಡಿಕೊಂಡು ತೆಳುವಾಗಿ ಅದರ ಕೊರೆಯುವ ಶಕ್ತಿ ಸೋಲುತ್ತದೆ. ಆದ್ದರಿಂದ ಫಿಯೋರ್ಡ್ ತಲೆಕೆಳಗು: ಒಳಗೆ ಆಳ, ಬಾಯಿಯಲ್ಲಿ ಹೊಸ್ತಿಲಿನಂಥ ದಿಬ್ಬ. ಮಿಲ್‌ಫರ್ಡ್ ಒಳಗಿನ ಆಳ ಸುಮಾರು 290 ಮೀಟರ್, ನಮ್ಮ ಜೋಗದ ಎತ್ತರ 253. ಜೋಗವನ್ನು ಇಡೀ ಒಳಗಿಟ್ಟರೂ ತುದಿ ಕಾಣುವುದಿಲ್ಲ ಅನ್ನಿ. ಫಿಯೋರ್ಡಿಗೆ ಕನ್ನಡದಲ್ಲಿ ಏನನ್ನಬೇಕು? ಕೊಲ್ಲಿ ಅಲ್ಲ, ಅಳಿವೆಯಂತೂ ಅಲ್ಲವೇ ಅಲ್ಲ. ನಾನು 'ಕಡಲತೋಳು' ಅಂದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಇದ್ದರೆ ಓದುಗರು ತಿಳಿಸಿ.

ಇನ್ನು ಪ್ರಯಾಣ. ಅದು 2025ರ ಏಪ್ರಿಲ್, ಮಕ್ಕಳ ಶಾಲೆಗೆ ರಜೆ. ಅಪ್ಪ ಆಗಷ್ಟೇ ಶಿವಮೊಗ್ಗದಿಂದ ಆರು ತಿಂಗಳ ವೀಸಾದಲ್ಲಿ ಬಂದಿದ್ದರು, ವಯಸ್ಸು 79. ಸಿಡ್ನಿಯಿಂದಾಗಲಿ ಮೆಲ್ಬರ್ನ್‌ನಿಂದಾಗಲಿ ಕ್ವೀನ್ಸ್‌ಟೌನ್‌ಗೆ ಸುಮಾರು ಮೂರು ಗಂಟೆಯ ನೇರ ವಿಮಾನ. ಅಲ್ಲಿಂದ ಮಿಲ್‌ಫರ್ಡ್‌ಗೆ ಹಕ್ಕಿ ಹಾರಿದರೆ 70 ಕಿಲೋಮೀಟರ್, ರಸ್ತೆಯಲ್ಲಿ 290 ಹತ್ತಿರ! ನಡುವೆ ಬೆಟ್ಟಗಳಿಗೆ ದಾರಿಯೇ ಇಲ್ಲ. ಕ್ವೀನ್ಸ್‌ಟೌನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವವರು ಹನ್ನೆರಡು ಹದಿಮೂರು ಗಂಟೆ ಕಳೆಯುತ್ತಾರೆ. ಅದು ಬಸ್ಸಿನಲ್ಲಾದರೆ ಸರಿ, ಸ್ವಂತ ಡ್ರೈವಿಂಗ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಾವು ಹಿಂದಿನ ದಿನವೇ ಟೆ ಆನೌ ಊರಿಗೆ ಬಂದು ಉಳಿದುಕೊಂಡೆವು. ಅಲ್ಲಿಂದ ಸುಮಾರು 120 ಕಿಲೋಮೀಟರ್, ಎರಡು ಗಂಟೆ ಅನ್ನುತ್ತಾರೆ, ಎರಡೂವರೆ ಮೂರು ಇಟ್ಟುಕೊಳ್ಳಿ. ಪೆಟ್ರೋಲ್ ಟೆ ಆನೌನಲ್ಲೇ ತುಂಬಿಸಿಕೊಳ್ಳಬೇಕು. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿರುವುದೇ ಹೆಚ್ಚು. ಮೊಸರನ್ನ, ಚಪಾತಿ ಕಟ್ಟಿಕೊಂಡಿದ್ದು ಬಹಳ ಒಳ್ಳೆಯದಾಯಿತು.

ಹೋಮರ್ ಸುರಂಗದ ಬಗ್ಗೆ ಮಾತ್ರ ನಾಲ್ಕು ಮಾತು ಹೇಳಲೇಬೇಕು. ಬೆಟ್ಟದ ಗೋಡೆ ಎದುರಿಗೆ ನಿಂತು ಇನ್ನು ದಾರಿ ಮುಗಿಯಿತು ಅನ್ನುವಾಗ ಅದರ ಬುಡದಲ್ಲಿ ಒಂದು ಸಣ್ಣ ಕಪ್ಪು ತೂತು ಕಾಣುತ್ತದೆ. 1889ರಲ್ಲಿ ವಿಲಿಯಂ ಹೋಮರ್ ಎಂಬಾತ ಈ ಜಾಗ ಕಂಡು ಇಲ್ಲಿ ಸುರಂಗ ಕೊರೆಯಬಹುದು ಎಂದ. ಕೆಲಸ ಶುರುವಾಗಿದ್ದು 1935ರಲ್ಲಿ, ಆರ್ಥಿಕ ಕುಸಿತದ ಕಾಲ, ನಿರುದ್ಯೋಗಿಗಳಿಗೆ ಸರ್ಕಾರ ಕೊಟ್ಟ ಕೂಲಿ. ಮೊದಲಿಗೆ ಐದು ಜನ, ಪಿಕಾಸಿ ಮತ್ತು ತಳ್ಳುಗಾಡಿ. ವರ್ಷದ ಅರ್ಧ ಭಾಗ ಬಿಸಿಲೇ ಬೀಳದ ಜಾಗದಲ್ಲಿ ಡೇರೆ ವಾಸ. 1936 ಮತ್ತು 1937ರ ಹಿಮಕುಸಿತಗಳಲ್ಲಿ ಮೂವರು ಸತ್ತರು. ನಡುವೆ ಯುದ್ಧ ಬಂದು ಕೆಲಸ ನಿಂತು, ಅಂತೂ ವಾಹನಗಳಿಗೆ ತೆರೆದದ್ದು 1954ರಲ್ಲಿ. ಉದ್ದ 1.2 ಕಿಲೋಮೀಟರ್ ಅಷ್ಟೇ. ಒಳಗೆ ಬರಿ ಬಂಡೆ, ಹತ್ತು ಅಡಿಗೆ ಒಂದು ಅಡಿಯ ಇಳಿಜಾರು. ಆಚೆ ಬಾಯಿಂದ ಹೊರಬಿದ್ದಾಗ ಸುತ್ತಲೂ ಗೋಡೆಯಂಥ ಬೆಟ್ಟದ ಮೇಲಿಂದ ನೂರಾರು ಬೆಳ್ಳಿದಾರಗಳು, ಎಲ್ಲಾ ಜಲಪಾತ. ಮಳೆ ಹಿಡಿದುಕೊಂಡಿತ್ತು.

ಮಳೆ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಮಿಲ್‌ಫರ್ಡ್‌ನಲ್ಲಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಆಗುಂಬೆಯ ಹತ್ತಿರಹತ್ತಿರ. ಆದರೆ ಆಗುಂಬೆಯ ಮಳೆ ಮುಂಗಾರಿನ ನಾಲ್ಕು ತಿಂಗಳದು, ಇಲ್ಲಿ ಹನ್ನೆರಡು ತಿಂಗಳೂ ಉಂಟು. 2020ರ ಫೆಬ್ರವರಿಯಲ್ಲಿ ಎರಡು ಮೂರು ದಿನದೊಳಗೆ ಒಂದು ಮೀಟರಿಗೂ ಹೆಚ್ಚು ಸುರಿದು ರಸ್ತೆ ಕೊಚ್ಚಿಹೋಗಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. "ಇದೇನ್ ಮಹಾ ಮಳೆ" ಅಂತ ಅಪ್ಪ ಡೆಕ್ ಮೇಲೇ ನಿಂತರು. ಎರಡು ಗಂಟೆಯ ದೋಣಿ. ಎಡಕ್ಕೆ ಮೈಟರ್ ಶಿಖರ, ನೀರಿನಿಂದ ನೆಟ್ಟಗೆ ಎದ್ದು ಸುಮಾರು 1,680 ಮೀಟರ್. ಸ್ಟರ್ಲಿಂಗ್ ಜಲಪಾತದ ಬುಡಕ್ಕೆ ದೋಣಿ ಒಯ್ದಾಗ ಎಲ್ಲರೂ ಒದ್ದೆ. ಇಷ್ಟು ಎತ್ತರದಿಂದ ನೀರು ಜಿಗಿಯುವುದು ಯಾಕೆಂದರೆ, ಪಕ್ಕದ ಸಣ್ಣ ಹಿಮನದಿಗಳು ದೊಡ್ಡದರಷ್ಟು ಆಳ ಕೊರೆಯಲಾರದೆ ಹೋದವು. ಹಿಮ ಕರಗಿದಾಗ ಆ ಸಣ್ಣ ಕಣಿವೆಗಳು ಗೋಡೆಯ ನಡುವೆ ನೇತಾಡುತ್ತ ಉಳಿದವು.

ನೀರಿನ ಕೆಳಗೆ ಇನ್ನೊಂದು ವಿಚಿತ್ರ. ಇಷ್ಟೆಲ್ಲ ಮಳೆನೀರು ಉಪ್ಪುನೀರಿಗಿಂತ ಹಗುರ, ಮೇಲೆ ಕೆಲವು ಮೀಟರ್ ದಪ್ಪದ ಸಿಹಿನೀರಿನ ಹೊದಿಕೆಯಾಗಿ ನಿಲ್ಲುತ್ತದೆ. ಕಾಡಿನ ಎಲೆ ಕೊಳೆತ ಕಷಾಯ ಸೇರಿ ಅದರ ಬಣ್ಣ ನಮ್ಮ ಡಿಕಾಕ್ಷನ್ ಥರ. ಬೆಳಕು ಒಳಗಿಳಿಯುವುದಿಲ್ಲ. ಹಾಗಾಗಿ ಬೇರೆಡೆ ಆಳ ಸಮುದ್ರದಲ್ಲಿ ಇರುವ ಕಪ್ಪು ಹವಳ ಇಲ್ಲಿ ಹತ್ತು ಮೀಟರ್ ಆಳಕ್ಕೇ ಬೆಳೆಯುತ್ತದೆ, ಈಗಾಗಲೇ ರಾತ್ರಿಯಾಗಿದೆ ಅಂದುಕೊಂಡು! ಹೆಸರಿಗೆ ಕಪ್ಪು, ಜೀವಂತ ಇದ್ದಾಗ ಬಿಳಿ. ಇಲ್ಲಿ ಹೆಸರುಗಳದೆಲ್ಲ ಇದೇ ಹಣೆಬರಹ ನೋಡಿ.

ಮಾವೊರಿ ಜನರ ಹೆಸರು ಪಿಯೋಪಿಯೋತಾಹಿ, ಒಂಟಿ ಪಿಯೋಪಿಯೋ ಹಕ್ಕಿ ಎಂದರ್ಥ. 1998ರ ಕಾಯ್ದೆಯಿಂದ ಎರಡೂ ಹೆಸರು ಅಧಿಕೃತ. ಹಕ್ಕಿ ಮಾತ್ರ ಅಳಿದುಹೋಗಿದೆ. ಅವರ ಕಥೆಯಲ್ಲಿ ಟೂ-ಟೆ-ರಾಕಿ-ಫಾನೋವ ಎಂಬ ದೇವತೆ ಕೊಡಲಿಯಂಥ ಬಾಚಿಯಿಂದ ಕಡಿದು ಕಡಿದು ಈ ಕರಾವಳಿ ಮಾಡಿದ. ದಕ್ಷಿಣದಿಂದ ಶುರುಮಾಡಿ, ಕೈ ಪಳಗಿದ ಮೇಲೆ ಮಿಲ್‌ಫರ್ಡ್ ಮಾಡಿದನಂತೆ. ಅಪ್ಪನಿಗೆ ಹೇಳಿದೆ. "ಪರಶುರಾಮ!" ಅಂದರು ತಕ್ಷಣ. ನಮ್ಮವನು ಕೊಡಲಿ ಎಸೆದು ಸಮುದ್ರವನ್ನು ಹಿಂದೆ ಸರಿಸಿದ, ಇವನು ಒಳಗೆ ಕರೆದ. ಇಷ್ಟು ಚೆಂದದ ಜಾಗ ಬಿಟ್ಟು ಮನುಷ್ಯರು ಹೋಗಲಾರರು ಎಂದು ಸಾವಿನ ದೇವತೆ ಹಿನೆ-ನುಯಿ-ಟೆ-ಪೋ ಕಚ್ಚುವ ನೊಣಗಳನ್ನು ಬಿಟ್ಟಳಂತೆ. ಆ ಭಾಗ ನೂರಕ್ಕೆ ನೂರು ಸತ್ಯ, ನನ್ನ ಕಾಲು ಒಂದು ವಾರ ತುರಿಸಿತು.

ಒಂದು ವಿಷಯ ನಾನು ಅಪ್ಪನಿಗೆ ಹೋಗುವ ಮೊದಲು ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ನ್ಯೂಜಿಲೆಂಡಿನ ದೊಡ್ಡ ಭೂಬಿರುಕು, ಆಲ್ಪೈನ್ ಫಾಲ್ಟ್, ಮಿಲ್‌ಫರ್ಡ್ ಬಾಯಿಯ ಹತ್ತಿರವೇ ಕಡಲಿಗೆ ಇಳಿಯುತ್ತದೆ. ಸರಾಸರಿ ಮುನ್ನೂರು ವರ್ಷಕ್ಕೊಮ್ಮೆ ಅದು ಸೀಳುತ್ತದೆ, ಕೊನೆಯ ಸಲ 1717ರಲ್ಲಿ. ಮುಂದಿನ ಐವತ್ತು ವರ್ಷಗಳಲ್ಲಿ ಮತ್ತೆ ಸೀಳುವ ಸಾಧ್ಯತೆ ನೂರಕ್ಕೆ 75 ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಆಗ ಈ ಗೋಡೆಗಳಿಂದ ಬಂಡೆ ಕುಸಿದು ನೀರಿಗೆ ಬಿದ್ದರೆ ಅಲೆಗೆ ಹೋಗಲು ಬೇರೆ ಜಾಗವಿಲ್ಲ. ಆದರೂ ನಾನು ಹೋದೆ, ಮತ್ತೆ ಹೋಗುತ್ತೇನೆ ಕೂಡ. ಒಂದು ದಿನದ ಲೆಕ್ಕಕ್ಕೆ ಆ ಅಪಾಯ ಬಹಳ ಸಣ್ಣದು. ಆದರೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಗೊತ್ತಿರಲಿ.

ವಾಪಸ್ ಬರುವಾಗ ಕಾರಿನಲ್ಲಿ ಮಗಳಿಗೆ ಹಾಕ್ಸ್‌ಬರಿ ಮತ್ತು ಮಿಲ್‌ಫರ್ಡ್ ವ್ಯತ್ಯಾಸ ಹೇಳುತ್ತಿದ್ದೆ. "ಅದು ಮುಳುಗಿದ ಕಣಿವೆ" ಅಂದೆ. ಅಪ್ಪ ಹಿಂದಿನ ಸೀಟಿನಿಂದ ಕೇಳಿದರು, "ಹಾಗಾದ್ರೆ ಅದ್ರ ಕೆಳಗೆ ಊರಿತ್ತಾ?"

ನಮ್ಮ ಮನೆತನ ಸಾಗರ ತಾಲ್ಲೂಕಿನ ಕರೂರು ಹೋಬಳಿಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿ ಏರಿದಾಗ ಮನೆ, ತೋಟ, ದೇವಸ್ಥಾನ ಎಲ್ಲ ಒಳಗೆ ಹೋಯಿತು. ಅಪ್ಪನಿಗೆ ಆಗ ಹದಿನೆಂಟು. ನಾನು ಯೋಚಿಸಿ ಉತ್ತರ ಹೇಳಿದೆ. ಹೌದು, ಇದ್ದಿರಲೇಬೇಕು. ಸಮುದ್ರ ಏರುವ ಕಾಲಕ್ಕೆ ಸಿಡ್ನಿ ಸುತ್ತಲ ಕಣಿವೆಗಳಲ್ಲಿ ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಇದ್ದರು. ಹಾಕ್ಸ್‌ಬರಿಗೆ ದರುಗ್ ಜನರ ಹೆಸರು ಡ್ಯಾರಬಿನ್. ಅವರ ಒಲೆಗಳು, ಮೀನು ಹಿಡಿಯುವ ಜಾಗಗಳು ನೀರಿನ ಕೆಳಗೆ ಹೋದವು, ತಲೆಮಾರುಗಳ ಕಾಲ ಸ್ವಲ್ಪ ಸ್ವಲ್ಪವಾಗಿ. ಮಿಲ್‌ಫರ್ಡ್‌ನಲ್ಲಿ ಹಿಮ ಹೋಗಿ ಕಡಲು ಬಂತು, ಮನುಷ್ಯರು ಆ ನಾಡಿಗೆ ಕಾಲಿಟ್ಟದ್ದು ಅದಾಗಿ ಸಾವಿರಾರು ವರ್ಷಗಳ ಮೇಲೆ.

"ಅಂದ್ರೆ ಇವತ್ತು ನೋಡಿದ್ರ ಕೆಳಗೆ ಯಾರ ಮನೇನೂ ಇಲ್ಲ" ಅಂದರು ಅಪ್ಪ. ಟೆ ಆನೌ ಬರುವವರೆಗೂ ಆಮೇಲೆ ಮಾತಾಡಲಿಲ್ಲ. ಬರಗಾಲದಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಅಪ್ಪ ಒಮ್ಮೆಯೂ ಹೋಗಿಲ್ಲ.

ಜುಲೈ ರಜೆಯಲ್ಲಿ ಅವರನ್ನು ವೈಸ್‌ಮನ್ಸ್ ಫೆರಿಗೆ ಕರೆದೊಯ್ದೆ. ಸ್ಕೋಫೀಲ್ಡ್ಸ್‌ನಿಂದ ಒಂದು ಗಂಟೆ. ಎರಡೂ ಕಡೆ ಮರಳುಗಲ್ಲಿನ ಗುಡ್ಡ, ನಡುವೆ ಅಗಲವಾದ ಹಾಕ್ಸ್‌ಬರಿ. ಕಾರು ಸಮೇತ ದಾಟಿಸುವ ಫೆರಿ, ಪುಕ್ಕಟೆ. ಅದೇ ವಾರ, ಜುಲೈ 14ಕ್ಕೆ, ಊರಿನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆಯ ಉದ್ಘಾಟನೆ ಆಗಿತ್ತು. ಹಿನ್ನೀರಿನ ಮೇಲೆ ಎರಡೂವರೆ ಕಿಲೋಮೀಟರ್ ಹತ್ತಿರದ ಸೇತುವೆ, ಇನ್ನು ಸಿಗಂದೂರಿಗೆ ಹೋಗಲು ಲಾಂಚ್‌ಗೆ ಕಾಯಬೇಕಿಲ್ಲ. ಅಪ್ಪ ಫೋನಿನಲ್ಲಿ ಆ ವಿಡಿಯೋವನ್ನು ಹತ್ತು ಸಲ ನೋಡಿದ್ದರು. ಫೆರಿ ನಡು ಹೊಳೆಗೆ ಬಂದಾಗ ಕಾರಿನ ಗಾಜು ಇಳಿಸಿ ನೀರು ನೋಡಿದರು.

"ಇಲ್ಲಿ ಎಷ್ಟು ಆಳ ಇರಬಹುದು?" ಅಂತ ಕೇಳಿದರು.

"ಮಿಲ್‌ಫರ್ಡ್‌ನಷ್ಟಿಲ್ಲ" ಅಂದೆ. ಅಷ್ಟರಲ್ಲಿ ಆಚೆ ದಡ ಬಂತು.