ಸರ್ಪಸುತ್ತು, ಇಸಬು ಮತ್ತು ಮೈಯ ಕಾವಲು

ಮನೆಯಲ್ಲಿ ಯಾರಿಗಾದರೂ ಪಕ್ಕೆಯ ಮೇಲೋ ಬೆನ್ನಿನ ಮೇಲೋ ಉರಿ ಕಾಣಿಸಿ, ಎರಡು ಮೂರು ದಿನಗಳಲ್ಲಿ ಅದೇ ಜಾಗದಲ್ಲಿ ನೀರುಗುಳ್ಳೆಗಳು ಸಾಲುಗಟ್ಟಿ ಎದ್ದರೆ, ಹಿರಿಯರು ನೋಡಿದೊಡನೆ “ಇದು ಸರ್ಪಸುತ್ತು” ಎನ್ನುತ್ತಾರೆ. ಹೆಸರು ಹೇಳುವುದರಲ್ಲಿ ಅವರು ತಪ್ಪುವುದು ಅಪರೂಪ. ಆಮೇಲಿನ ಮಾತು ಮಾತ್ರ ಸರಿಯಲ್ಲ. ಹಾವಿನ ತಲೆ ಬಾಲ ಕೂಡಿದರೆ ಪ್ರಾಣಕ್ಕೇ ಅಪಾಯ, ಅಷ್ಟರೊಳಗೆ ಮಂತ್ರ ಹಾಕಿಸಬೇಕು, ಕೆಮ್ಮಣ್ಣು ಬಳಿಯಬೇಕು ಎಂದು ಓಡಾಟ ಶುರುವಾಗುತ್ತದೆ. ಹೀಗೆ ಕಳೆದುಹೋಗುವ ಮೊದಲ ಮೂರು ದಿನಗಳೇ ಔಷಧ ಚೆನ್ನಾಗಿ ಕೆಲಸ ಮಾಡುವ ದಿನಗಳು. ಆದುದರಿಂದ ಈ ರೋಗ ಎಲ್ಲಿಂದ ಬರುತ್ತದೆ, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಏಕೆ ಬರುವುದಿಲ್ಲ, ಇಸಬಿನಂಥ ಅಲರ್ಜಿಯ ಕಾಯಿಲೆಗಳಿಗೂ ಇದರ ಬಳಗಕ್ಕೂ ಏನು ನಂಟು ಎಂಬುದನ್ನು ನೀವು ಸ್ವಲ್ಪ ವಿವರವಾಗಿ ತಿಳಿದಿರುವುದು ಒಳ್ಳೆಯದು.

ಈ ರೋಗವನ್ನು ಉಂಟುಮಾಡುವ ವೈರಸ್‌ಗಳ ಬಳಗಕ್ಕೆ ವೈದ್ಯರು ಹರ್ಪಿಸ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ತೆವಳು, ಹರಿದಾಡು ಎಂಬ ಅರ್ಥವುಳ್ಳ ಧಾತುವಿನಿಂದ ಬಂದ ಮಾತು ಅದು. ನಮ್ಮ ‘ಸರ್ಪ’ ಶಬ್ದವೂ ಅದೇ ಅರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದ್ದು. ಎರಡು ಧಾತುಗಳೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗ್ರೀಕರೂ ನಮ್ಮವರೂ ಬೇರೆ ಬೇರೆಯಾಗಿ ನೋಡಿ ಒಂದೇ ಹೆಸರಿಟ್ಟಂತಾಯಿತು.

ಮನುಷ್ಯನಿಗೆ ಅಂಟುವ ಹರ್ಪಿಸ್ ವೈರಸ್‌ಗಳು ಒಟ್ಟು 9. ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಏಳುವ ಗುಳ್ಳೆಗೆ ಕಾರಣವಾದುದು ಒಂದು. ಸೀತಾಳೆ ಸಿಡುಬಿನದು ಇನ್ನೊಂದು. ಉಳಿದವುಗಳಲ್ಲಿ ಕೆಲವನ್ನು ನಾವು ಎಳೆತನದಲ್ಲೇ ಅಂಟಿಸಿಕೊಂಡು, ಅಂಟಿದ್ದು ಗೊತ್ತೂ ಆಗದೆ ಬೆಳೆದಿರುತ್ತೇವೆ. ಈ ಬಳಗಕ್ಕೆಲ್ಲ ಒಂದು ಸಮಾನ ಗುಣವುಂಟು. ನೆಗಡಿಯ ವೈರಸ್ ಬಂದು ಹೋಗುತ್ತದೆ. ಇವು ಬಂದರೆ ಹೋಗುವುದಿಲ್ಲ. ರೋಗ ವಾಸಿಯಾದ ಮೇಲೂ ಮೈಯೊಳಗೆ ಎಲ್ಲಾದರೂ ಅಡಗಿ, ಮನುಷ್ಯ ಬದುಕಿರುವವರೆಗೂ ಅಲ್ಲೇ ಇರುತ್ತವೆ.

ಸೀತಾಳೆ ಸಿಡುಬಿನ ವೈರಸ್ ಅಡಗುವುದು ನರಗಳ ಬುಡದಲ್ಲಿ. ಬೆನ್ನುಹುರಿಯ ಎರಡು ಪಕ್ಕದಲ್ಲಿಯೂ ಮಣಿ ಪೋಣಿಸಿದಂತೆ ಸಣ್ಣ ಸಣ್ಣ ನರಗಂಟುಗಳಿವೆ. ಒಂದೊಂದು ಗಂಟಿನಿಂದಲೂ ಹೊರಟ ನರ ಮೈಯ ಒಂದೊಂದು ಪಟ್ಟಿಯ ಚರ್ಮಕ್ಕೆ ಸೇರಿದ್ದು. ಎಡಗಡೆಯ ಗಂಟಿಗೆ ಎಡಭಾಗದ ಪಟ್ಟಿ, ಬಲಗಡೆಯದಕ್ಕೆ ಬಲಭಾಗದ ಪಟ್ಟಿ. ಬಾಲ್ಯದಲ್ಲಿ ಸಿಡುಬು ಎದ್ದಾಗ ವೈರಸ್ ಈ ಗಂಟುಗಳನ್ನು ಸೇರಿಕೊಂಡು ಸುಮ್ಮನಿರುತ್ತದೆ. 30, 40, 50 ವರ್ಷಗಳ ತರುವಾಯ ಯಾವುದೋ ಒಂದು ಗಂಟಿನಲ್ಲಿ ಮತ್ತೆ ಎಚ್ಚರಗೊಂಡು, ಆ ನರದ ಗುಂಟ ಇಳಿದು ಅದರ ಪಟ್ಟಿಯಲ್ಲಷ್ಟೇ ಗುಳ್ಳೆಯಾಗಿ ಮೇಲೇಳುತ್ತದೆ. ಅದೇ ಸರ್ಪಸುತ್ತು. ಅದು ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟದೆ ಒಂದೇ ಪಕ್ಕದಲ್ಲಿ ನಿಲ್ಲುವುದು ಇದೇ ಕಾರಣದಿಂದ. ತಲೆಗೆ ಬಾಲ ಕೂಡದಿರುವುದಕ್ಕೆ ಮಂತ್ರ ಕಾರಣವಲ್ಲ, ನರದ ಹಾದಿಯೇ ಅಲ್ಲಿಗೆ ಮುಗಿಯುತ್ತದೆ.

ಇದನ್ನು ಬಿಡಿಸಿ ಹೇಳಿದವರಲ್ಲಿ ಮುಖ್ಯನಾದವನು ದೊಡ್ಡ ಪ್ರಯೋಗಶಾಲೆಯ ವಿಜ್ಞಾನಿಯಲ್ಲ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ಮನೆಮನೆಗೆ ಹೋಗಿ ಚಿಕಿತ್ಸೆ ಮಾಡುತ್ತಿದ್ದ ಎಡ್ಗರ್ ಹೋಪ್-ಸಿಂಪ್ಸನ್ ಎಂಬ ಸಾಮಾನ್ಯ ವೈದ್ಯ. ತನ್ನ ಪಾಲಿಗೆ ಬಂದಿದ್ದ ಸುಮಾರು 3,500 ಜನರಲ್ಲಿ 1947ರಿಂದ 1962ರವರೆಗೆ, ಅಂದರೆ 16 ವರ್ಷಗಳ ಕಾಲ, ಯಾರು ಯಾರಿಗೆ ಸರ್ಪಸುತ್ತು ಬಂತೆಂದು ಬರೆದಿಟ್ಟ. 192 ಪ್ರಸಂಗಗಳು ಸಿಕ್ಕಿದವು. ವಯಸ್ಸು ಏರಿದಂತೆ ರೋಗವೂ ಏರುವುದನ್ನು ಆ ಲೆಕ್ಕ ತೋರಿಸಿತು. ಹೊರಗಿನಿಂದ ಅಂಟಿ ಬರುವ ರೋಗವಲ್ಲ ಇದು, ಒಳಗೇ ಇರುವ ಹಳೆಯ ವೈರಸ್, ಮೈಯ ಕಾವಲು ಕುಗ್ಗಿದಾಗ ಏಳುತ್ತದೆ ಎಂದು ಅವನು 1965ರಲ್ಲಿ ಪ್ರಕಟಿಸಿದ. ಮುಂದಿನ ಸಂಶೋಧನೆಗಳು ಅವನ ಊಹೆಯನ್ನು ಎತ್ತಿಹಿಡಿದವು. ತಾಳ್ಮೆಯಿಂದ ಬರೆದಿಟ್ಟ ಒಂದು ದಿನಚರಿ ಎಷ್ಟು ಕೆಲಸ ಮಾಡಬಲ್ಲದು ನೋಡಿ.

ಹಾಗಾದರೆ ಆ ಕಾವಲು ಯಾವುದು? ನಮ್ಮ ಬಿಳಿಯ ರಕ್ತಕಣಗಳಲ್ಲಿ ಟಿ ಕಣಗಳೆಂಬ ಒಂದು ಜಾತಿಯಿದೆ. ವೈರಸ್ ಹೊಕ್ಕ ಜೀವಕೋಶಗಳನ್ನು ಗುರುತಿಸಿ ಅವನ್ನು ಅಡಗಿಸುವುದು ಅವುಗಳ ಕೆಲಸ. ವಯಸ್ಸಾದಂತೆ ಅವುಗಳ ಚುರುಕು ತಗ್ಗುತ್ತದೆ. ಸಕ್ಕರೆ ಕಾಯಿಲೆಯವರು, ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುತ್ತಿರುವವರು, ಬೇರೊಬ್ಬರ ಮೂತ್ರಪಿಂಡವನ್ನು ಕಸಿ ಮಾಡಿಸಿಕೊಂಡವರು, ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಇವರಿಗೆಲ್ಲ ಸರ್ಪಸುತ್ತಿನ ಸಂಭವ ಹೆಚ್ಚು. ಚಿಕ್ಕ ವಯಸ್ಸಿನವರಿಗೆ ಇದು ಬಂದಾಗ ವೈದ್ಯರು ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುವಂತೆ ಹೇಳುವುದುಂಟು. ಅದಕ್ಕೆ ಸಿಟ್ಟಾಗಬೇಕಾದ ಕಾರಣವಿಲ್ಲ.

ಈಗ ಅಲರ್ಜಿಯ ಮಾತಿಗೆ ಬರೋಣ. “ಮಗುವಿಗೆ ಅಲರ್ಜಿ, ನಿರೋಧಕ ಶಕ್ತಿ ಕಡಮೆ” ಎಂದು ಟಾನಿಕ್ಕು ಕುಡಿಸುವವರಿದ್ದಾರೆ. ಅಲರ್ಜಿಯೆಂದರೆ ಕಾವಲು ಕಡಮೆಯಾಯಿತೆಂದಲ್ಲ, ಅದು ದಿಕ್ಕು ತಪ್ಪಿತೆಂದು ಅರ್ಥ. ಧೂಳು, ಹೂವಿನ ಪರಾಗ, ಮೊಟ್ಟೆ ಮುಂತಾದ ನಿರುಪದ್ರವಿ ವಸ್ತುಗಳನ್ನು ಶತ್ರುವೆಂದು ತಿಳಿದು ಕಾವಲುಗಾರ ಬಡಿದಾಡುತ್ತಾನೆ. ಕೇರಿಯ ಕಾವಲಿನವನು ಬಂದ ನೆಂಟರನ್ನೆಲ್ಲ ತಡೆಯುತ್ತ ಮುಂಬಾಗಿಲಲ್ಲಿ ಕೂಗಾಡುತ್ತಿದ್ದರೆ ಹಿತ್ತಿಲ ಬಾಗಿಲು ತೆರೆದೇ ಇದ್ದೀತು. ಇಸಬಿನಲ್ಲಿ ಆಗುವುದು ಹೆಚ್ಚುಕಡಮೆ ಇದೇ.

ಎಳೆಯ ಮಕ್ಕಳ ಕೆನ್ನೆ, ಮೊಣಕೈ ಮಡಿಕೆ, ಮಂಡಿಯ ಹಿಂಭಾಗಗಳಲ್ಲಿ ತುರಿಸುವ ಈ ಇಸಬಿನಲ್ಲಿ ಚರ್ಮದ ಗೋಡೆಯೇ ಬಿರುಕು ಬಿಟ್ಟಿರುತ್ತದೆ. ಚರ್ಮವನ್ನು ಗಟ್ಟಿಯಾಗಿ ಹೆಣೆಯುವ ಫಿಲಗ್ರಿನ್ ಎಂಬ ಪದಾರ್ಥ ಇಂಥ ಹಲವರಲ್ಲಿ ಹುಟ್ಟಿನಿಂದಲೇ ಕೊರತೆಯೆಂದು 2006ರಲ್ಲಿ ಗೊತ್ತಾಯಿತು. ಅದರ ಜೊತೆಗೆ, ಅಲರ್ಜಿಯ ಜಗಳಕ್ಕಾಗಿ ರಕ್ತಕಣಗಳು ಸುರಿಸುವ ದ್ರವ್ಯಗಳು, ವೈರಸ್‌ಗಳನ್ನು ಕೊಲ್ಲುವ ಚರ್ಮದ ಸ್ವಂತ ದ್ರವ್ಯಗಳನ್ನು ತಗ್ಗಿಸಿಬಿಡುತ್ತವೆ. ಅಂಥ ಮಗುವನ್ನು ತುಟಿಯ ಮೇಲೆ ಗುಳ್ಳೆಯೆದ್ದ ನೆಂಟರೊಬ್ಬರು ಪ್ರೀತಿಯಿಂದ ಮುದ್ದಿಸಿದರೆಂದು ಇಟ್ಟುಕೊಳ್ಳಿ. ಅವರ ತುಟಿಯಲ್ಲಿ ನಾಲ್ಕು ಗುಳ್ಳೆಯಾಗಿ ನಿಂತ ವೈರಸ್ ಮಗುವಿನ ಇಸಬಿನ ಮೇಲೆಲ್ಲ ಹಬ್ಬಬಹುದು. ವಿಯನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ ಇದನ್ನು 1887ರಲ್ಲೇ ವರ್ಣಿಸಿದ್ದಾನೆ. ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಒಡೆದು, ಉಳಿಯಿಂದ ಕೊರೆದಂಥ ಪುಟ್ಟ ಹುಣ್ಣುಗಳಾಗುತ್ತವೆ. ತುರಿಕೆಗಿಂತ ನೋವು ಹೆಚ್ಚು, ಜ್ವರ ಬರುತ್ತದೆ, ಮಗು ಮಂಕಾಗುತ್ತದೆ. ಇದನ್ನು “ಇಸಬು ಕೆರಳಿದೆ” ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧವಿದೆ, ತಡ ಮಾಡಿದರೆ ಪ್ರಾಣಕ್ಕೂ ಕಣ್ಣಿಗೂ ಅಪಾಯವಿದೆ.

ಸ್ಟೀರಾಯ್ಡ್ ಮುಲಾಮಿನ ಬಗ್ಗೆ ಎರಡು ಮಾತು ಹೇಳಲೇಬೇಕು. ವೈದ್ಯರು ಇಸಬಿಗೆಂದು ಅಳತೆಯಿಂದ ಕೊಟ್ಟಿದ್ದನ್ನು ಹೆದರಿ ಬಿಟ್ಟುಬಿಡುವುದು ಸರಿಯಲ್ಲ; ಹತೋಟಿಯಲ್ಲಿಲ್ಲದ ಇಸಬೇ ವೈರಸ್‌ಗೆ ದೊಡ್ಡ ಬಾಗಿಲು. ಆದರೆ ಮನೆಯ ಕಪಾಟಿನಲ್ಲಿ ಉಳಿದ ಟ್ಯೂಬನ್ನು ಯಾವ ಗುಳ್ಳೆಗೆಂದರೆ ಆ ಗುಳ್ಳೆಗೆ ಹಚ್ಚುವುದು ಕೆಟ್ಟ ಅಭ್ಯಾಸ. ಹರ್ಪಿಸ್ ತಗುಲಿದ ಕಣ್ಣಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ತೊಟ್ಟು ಹಾಕಿಕೊಂಡು ದೃಷ್ಟಿ ಕಳೆದುಕೊಳ್ಳುವ ಸಂಭವವುಂಟು.

ಕೆಲವು ವೇಳೆ ನಂಟು ತಿರುಗುಮುರುಗಾಗಿರುತ್ತದೆ. ಅಲರ್ಜಿಯೆಂದು ಕಾಣುವುದು ವೈರಸ್ಸಿನ ಕೆಲಸವಾಗಿರುತ್ತದೆ. ತುಟಿಯ ಗುಳ್ಳೆ ಮಾಯ್ದ ಒಂದೆರಡು ವಾರಗಳಲ್ಲಿ ಅಂಗೈ, ಮುಂಗೈಗಳ ಮೇಲೆ ಬಿಲ್ಲುಗಾರರ ಗುರಿಹಲಗೆಯಂತೆ ಉಂಗುರದೊಳಗೆ ಉಂಗುರವಿರುವ ಕೆಂಪು ಕಲೆಗಳು ಕೆಲವರಿಗೆ ಏಳುತ್ತವೆ. ತಿಂದ ಬದನೆಕಾಯಿಯ ಮೇಲೆ ತಪ್ಪು ಹೊರಿಸುತ್ತೇವೆ. ನಿಜವಾಗಿ ಅದು ವೈರಸ್‌ಗೆ ಎದುರಾಗಿ ಮೈ ತೋರಿದ ಅತಿರೇಕ. ಇನ್ನೊಂದು ಉದಾಹರಣೆ ಎಪ್‌ಸ್ಟೀನ್–ಬಾರ್ ವೈರಸ್‌ನದು. ಇದು 1964ರಲ್ಲಿ ಲಂಡನ್ನಿನಲ್ಲಿ ಪತ್ತೆಯಾದ, ಇದೇ ಬಳಗದ ಸದಸ್ಯ. ಹದಿಹರೆಯದವರಲ್ಲಿ ಅದು ಗಂಟಲುನೋವು, ಜ್ವರ, ಕೊರಳ ಗಂಟುಗಳನ್ನು ತರುತ್ತದೆ. ಗಂಟಲುನೋವೆಂದು ಆಂಪಿಸಿಲಿನ್ ಕೊಟ್ಟರೆ ಹಲವರಿಗೆ ಮೈಯೆಲ್ಲ ಕೆಂಪು ದದ್ದು ಏಳುವುದನ್ನು 1960ರ ದಶಕದಲ್ಲಿ ವೈದ್ಯರು ಗಮನಿಸಿದರು. ಅಂಥವರಲ್ಲಿ ಎಷ್ಟೋ ಜನಕ್ಕೆ ಪೆನಿಸಿಲಿನ್ ಅಲರ್ಜಿ ಇರುವುದೇ ಇಲ್ಲ. ಆದರೂ “ಇವರಿಗೆ ಆಗದು” ಎಂದು ಚೀಟಿಯಲ್ಲಿ ಬರೆದದ್ದು ಜೀವಮಾನವಿಡೀ ಉಳಿದು, ಬೇಕಾದಾಗ ಒಳ್ಳೆಯ ಔಷಧ ತಪ್ಪಿಹೋಗುತ್ತದೆ. ನಿಮ್ಮ ಮನೆಯಲ್ಲಿ ಅಂಥ ಹಳೆಯ ಚೀಟಿಯಿದ್ದರೆ ವೈದ್ಯರಿಗೆ ತೋರಿಸಿ, ಪರೀಕ್ಷೆ ಸಾಧ್ಯವೇ ಎಂದು ಕೇಳಿ. ನೀವಾಗಿಯೇ ನುಂಗಿ ನೋಡಬೇಡಿ.

ಕಾವಲು ತನ್ನ ಮನೆಯವರ ಮೇಲೆಯೇ ತಿರುಗಿಬೀಳುವ ಕಾಯಿಲೆಗಳೂ ಇವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದಲ್ಲಿ ಅದು ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆಯನ್ನು ಕೆಡಿಸುತ್ತದೆ. ಅಮೆರಿಕದ ಸೇನೆಗೆ ಸೇರಿದ 1 ಕೋಟಿಗೂ ಹೆಚ್ಚು ಜನರ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಪ್‌ಸ್ಟೀನ್–ಬಾರ್ ಹೊಸದಾಗಿ ಅಂಟಿದವರಿಗೆ ಈ ರೋಗದ ಸಂಭವ 32 ಪಟ್ಟು ಹೆಚ್ಚಿತ್ತು. ಇದನ್ನು ಓದಿ ಗಾಬರಿಯಾಗಬೇಡಿ. ಆ ವೈರಸ್ ದೊಡ್ಡವರಲ್ಲಿ ಬಹುತೇಕ ಎಲ್ಲರಲ್ಲಿಯೂ ಇದೆ, ರೋಗ ಬರುವುದು ಬಹಳ ಕೆಲವರಿಗೆ.

ಮತ್ತೆ ಸರ್ಪಸುತ್ತಿಗೇ ಬರುತ್ತೇನೆ, ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ ಆದ್ದರಿಂದ. ವೈರಸ್‌ನ ಬೆಳವಣಿಗೆಯನ್ನು ತಡೆಯುವ ಏಸೈಕ್ಲೊವಿರ್ ಮಾತ್ರೆ ಎಲ್ಲ ಊರಿನಲ್ಲಿಯೂ ಸಿಗುತ್ತದೆ. ಅದರ ಹಿಂದಿನ ಸಂಶೋಧನೆಯಲ್ಲಿ ದುಡಿದ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಗೆ 1988ರಲ್ಲಿ ನೊಬೆಲ್ ಪಾರಿತೋಷಕ ಬಂತು. ಗುಳ್ಳೆ ಕಂಡ 72 ಗಂಟೆಗಳೊಳಗೆ ಶುರುಮಾಡಿದರೆ ರೋಗ ಬೇಗ ಇಳಿಯುತ್ತದೆ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಇಳಿವಯಸ್ಸಿನವರಲ್ಲಿ ಗುಳ್ಳೆ ಮಾಯ್ದ ಮೇಲೂ ಆ ಪಟ್ಟಿಯಲ್ಲಿ ಬಟ್ಟೆ ಸೋಕಿದರೂ ಸಹಿಸಲಾಗದ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಹಣೆ, ರೆಪ್ಪೆ, ಅದರಲ್ಲಿಯೂ ಮೂಗಿನ ತುದಿಯ ಮೇಲೆ ಗುಳ್ಳೆಯೆದ್ದರೆ ಕಣ್ಣಿನ ವೈದ್ಯರನ್ನು ತಪ್ಪದೆ ನೋಡಿ. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲುಗಳು.

ಸರ್ಪಸುತ್ತು ಆದವರಿಂದ ಇನ್ನೊಬ್ಬರಿಗೆ ಸರ್ಪಸುತ್ತು ಅಂಟುವುದಿಲ್ಲ. ಆದರೆ ಸೀತಾಳೆ ಸಿಡುಬು ಆಗದೆ ಇರುವವರು ಆ ಗುಳ್ಳೆಯ ನೀರನ್ನು ಮುಟ್ಟಿದರೆ ಅವರಿಗೆ ಸಿಡುಬು ಬರಬಹುದು. ಬಸುರಿಯರೂ ಹಸುಗೂಸುಗಳೂ ದೂರವಿರುವುದು ಮೇಲು. ಗುಳ್ಳೆಯನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿಟ್ಟರೆ ಸಾಕು, ರೋಗಿಯನ್ನು ಹೊರಗಿಡಬೇಕಾಗಿಲ್ಲ.

ಲಸಿಕೆಗಳು ಎರಡು ಬಗೆ. ಸೀತಾಳೆ ಸಿಡುಬಿನ ಲಸಿಕೆಯನ್ನು 1974ರಲ್ಲಿ ಜಪಾನಿನ ಮಿಚಿಯಾಕಿ ತಕಹಾಶಿ ಸಿದ್ಧಪಡಿಸಿದರು. ಅದರಲ್ಲಿ ಬಲಗುಂದಿಸಿದ ಜೀವಂತ ವೈರಸ್ ಇರುವುದರಿಂದ, ಕಾವಲು ತೀರ ಕುಗ್ಗಿದವರಿಗೂ ಬಸುರಿಯರಿಗೂ ಕೊಡುವುದಿಲ್ಲ. ಸರ್ಪಸುತ್ತಿನ ಹೊಸ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಅದು 2023ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತದೆ. 50 ದಾಟಿದವರಿಗೆ 2ರಿಂದ 6 ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚುತ್ತಾರೆ. ಬೆಲೆ ಹೆಚ್ಚು, ಆದರೂ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆಯಿದ್ದರೆ ಮುಂದಿನ ಸಲ ವೈದ್ಯರ ಬಳಿಗೆ ಹೋದಾಗ ವಿಚಾರಿಸಿ.